ಬಾಟ್ಲಿ ಬೀಗರು

ಗಾಜಿನಂಗಡಿಯ ಮುದುಕರು, ಎಲ್ಲರ ಬಾಯಲ್ಲಿ ಗಾಜಿನವರು, ಗಟ್ಟಿಮುಟ್ಟಾಗಿರಲಿ ಎಂದು ಅವಳು ದಿನವೂ ಬೇಡಿಕೊಳ್ಳುತ್ತಿದ್ದಳು. ಅದು ಗಾಜಿನವರಿಗಾಗಿ ಅಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಲಾಂಡ್ರಿಯಲ್ಲಿ ಹೋಟೆಲಿನ ಹಾಸುಗಳನ್ನು ಮಡಿಸುತ್ತ ನಿಂತಾಗ ಮನಸ್ಸು ತಾನಾಗಿ ಅತ್ತ ಹೋಗುತ್ತಿತ್ತು: ಅಕ್ಕನಿಗೆ ವಾಸಿಯಾಗಲಿ, ಆ ಮುದುಕರಿಗೆ ಏನೂ ಆಗದಿರಲಿ, ಕೊನೇಪಕ್ಷ ಅಕ್ಕನ ಇಂಜೆಕ್ಷನ್ನುಗಳು ಮುಗಿಯುವವರೆಗಾದರೂ ಆಗದಿರಲಿ. ಆ ಕೊನೆಯ ಮಾತು ಬಂದಕೂಡಲೇ ಯಾರೋ ಬೆನ್ನ ಹಿಂದೆ ನಿಂತು ಕೇಳಿಸಿಕೊಂಡಂತಾಗಿ, ಮಡಿಸಿದ ಹಾಸನ್ನು ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಈಗ ಆಸ್ಪತ್ರೆಯ ಹಜಾರದಲ್ಲಿ ಅಕ್ಕನ ಪಕ್ಕ ಕೂತು ಬಾಗಿಲನ್ನೇ ನೋಡುತ್ತಿದ್ದಾಗಲೂ ಅದೇ ಅಳುಕು. ಬಾಗಿಲು ತೆರೆದಾಗಲೆಲ್ಲ ಬೇರೆ ಯಾರೋ ಒಳಗೆ ಬರುತ್ತಿದ್ದರು. ಬೋಳಾದ ತಲೆಗೆ ಟೋಪಿ ಎಳೆದುಕೊಂಡ ಒಬ್ಬ ಹೆಂಗಸು, ಮಗನ ತೋಳು ಹಿಡಿದ ಒಬ್ಬ ತಂದೆ. ಅವರೆಲ್ಲರ ಮೇಲೂ ಅವಳಿಗೆ ಸಣ್ಣಗೆ ಸಿಟ್ಟು ಬರುತ್ತಿತ್ತು, ಗಾಜಿನವರಲ್ಲದಿರುವುದೇ ಅವರ ತಪ್ಪು ಎಂಬಂತೆ.

“ಹಾಗೆ ನುಂಗೋ ಹಾಗೆ ನೋಡ್ಬೇಡ ಕಣೇ ಇಲಿಮರಿ, ಬಾಗಿಲು ಕೀಲು ಕಿತ್ಕೊಂಡು ಬಿದ್ದೀತು,” ಎಂದಳು ಅಕ್ಕ.

ಅಕ್ಕ ಬಸ್ಸಿನ ಕಂಡಕ್ಟರ್. ಹಿಂದಿನ ಬಾಗಿಲಲ್ಲಿ ನಿಂತು ಅವಳೊಂದು ಕೂಗು ಹಾಕಿದರೆ ಮುಂದಿನ ಸೀಟಲ್ಲಿ ನಿದ್ದೆ ಹೋದವರೂ ಎಚ್ಚೆತ್ತು ಚಿಲ್ಲರೆ ತಡಕಾಡುತ್ತಿದ್ದರು. ಈಗ ಬಾಯಲ್ಲೆಲ್ಲ ಹುಣ್ಣು, ದನಿ ಸವೆದು ಅರ್ಧವಾಗಿದೆ, ಆದರೂ ಸುಮ್ಮನೆ ಕೂರುವ ಜಾಯಮಾನವಲ್ಲ. ಬಾಟ್ಲಿಯ ವಿಷಯ ಶುರುವಾದದ್ದೂ ಆ ಬಾಯಿಂದಲೇ. ಅಕ್ಕನ ಔಷಧಿ ಬರುವುದು ಒಂದೇ ಅಳತೆಯ ಪುಟ್ಟ ಬಾಟ್ಲಿಯಲ್ಲಿ. ಅಕ್ಕನ ತೂಕಕ್ಕೆ ಬೇಕಾದದ್ದು ಅದರಲ್ಲಿ ಅರ್ಧಕ್ಕಿಂತ ಒಂಚೂರು ಹೆಚ್ಚು, ಕೊಳ್ಳಬೇಕಾದದ್ದು ಮಾತ್ರ ಇಡೀ ಬಾಟ್ಲಿ. ರಬ್ಬರ್ ಮುಚ್ಚಳಕ್ಕೆ ಒಮ್ಮೆ ಸೂಜಿ ಚುಚ್ಚಿದರೆ ಸಂಜೆಯೊಳಗೆ ಮುಗಿಸಬೇಕು, ಉಳಿದದ್ದು ಹಳದಿ ಕಸದ ಡಬ್ಬಕ್ಕೆ. ಒಂದು ಸಲ ಕಿಂಡಿಯಾಚೆ ಔಷಧಿ ಬೆರೆಸುವಾಕೆ ಹಾಗೆ ಮಿಕ್ಕದ್ದನ್ನು ಡಬ್ಬಕ್ಕೆ ಹಾಕಿದ್ದನ್ನು ಕಂಡು ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟಿದ್ದಳು. “ಏನ್ರೀ ಅದು, ನಂದಲ್ವಾ? ಇಡೀ ಟಿಕೆಟ್ಟಿಗೆ ದುಡ್ಡು ಇಸ್ಕೊಂಡು ಅರ್ಧ ದಾರೀಲಿ ಇಳಿಸ್ತೀರಲ್ಲ! ನಾನು ಒಬ್ಬ ಪ್ಯಾಸೆಂಜರಿಗೂ ಚಿಲ್ಲರೆ ಮುಳುಗಿಸಿದವಳಲ್ಲ.” ಹಜಾರವೆಲ್ಲ ನಕ್ಕಿತ್ತು. ತಂಗಿಗೆ ಕೂತ ನೆಲ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತ್ತು. ಬೆರೆಸುವಾಕೆ ಮಾತ್ರ ನಗದೆ, ಗವುಸು ತೊಟ್ಟ ಕೈಗಳನ್ನು ಎತ್ತಿ ಹಿಡಿದುಕೊಂಡೇ ಅಕ್ಕನನ್ನು ನೋಡಿದ್ದಳು. ಮುಂದಿನ ಸರದಿಗೆ ಹೋದಾಗ ಆಕೆಯೇ ಹೊರಗೆ ಬಂದು, ದೊಡ್ಡವರನ್ನೆಲ್ಲ ಒಪ್ಪಿಸಿದ್ದೇನೆ, ಇನ್ನು ಮೇಲೆ ಒಂದೇ ಔಷಧಿಯವರನ್ನು ಒಂದೇ ದಿನ ಕರೆಸಿ ಇಬ್ಬಿಬ್ಬರನ್ನು ಜೋಡಿ ಮಾಡುವುದು, ಒಂದು ಬಾಟ್ಲಿ, ಖರ್ಚು ಪಾಲು ಎಂದಳು. ಹಾಗೆ ಅಕ್ಕನ ಜೋಡಿಯಾಗಿ ಬಂದವರು ಗಾಜಿನವರು. ಕಿಟಕಿಗಳಿಗೆ ಗಾಜು ಕೊಯ್ದು ಕೂರಿಸುವ ಅಂಗಡಿಯ ಯಜಮಾನರು, ಒಣಕಲು ಮೈಯವರು, ಬಾಟ್ಲಿಯಲ್ಲಿ ಅಕ್ಕ ಬಿಟ್ಟದ್ದು ಅವರಿಗೆ ಅಳೆದಿಟ್ಟ ಹಾಗೆ ಸಾಕಾಗುತ್ತಿತ್ತು. “ಬಾಟ್ಲಿ ಒಂದು, ಮನೆ ಎರಡು. ಅಂದ್ಮೇಲೆ ನಾವು ಬೀಗರಾದ್ವಿ ಬಿಡಿ,” ಎಂದಿದ್ದಳು ಅಕ್ಕ. “ಬಾಟ್ಲಿ ಬೀಗರು ಅಂತ ಜೋರಾಗಿ ಹೇಳ್ಬೇಡಿ ಬೀಗ್ತಿ, ನನ್ನ ಸೊಸೆ ಬೇರೆ ಏನೋ ಅಂದ್ಕೊಂಡಾಳು,” ಎಂದಿದ್ದರು ಅವರು, ಕಿಂಡಿಯತ್ತ ನೋಡುತ್ತ, ಮದುವೆ ಮನೆಯಲ್ಲಿ ಊಟದ ಕರೆ ಕಾಯುವವರ ಹಾಗೆ.

ಇಬ್ಬರೂ ಬಂದು ತೂಕ ನೋಡಿಸಿಕೊಂಡು ಕೂರುವವರೆಗೆ ಬಾಟ್ಲಿ ಫ್ರಿಜ್ಜಿನಿಂದ ಹೊರಗೆ ಬರುವುದಿಲ್ಲ, ಅದು ಬೆರೆಸುವಾಕೆಯ ನಿಯಮ. ಜೋಡಿಯವರು ಬಾರದಿದ್ದರೆ ಇಡೀ ಬಾಟ್ಲಿ ಕೊಳ್ಳಬೇಕು, ಇಲ್ಲವೇ ಬೇರೆ ಜೋಡಿ ಸಿಗುವವರೆಗೆ ಮನೆಗೆ ಹೋಗಿ ಕಾಯಬೇಕು. ಇಡೀ ಬಾಟ್ಲಿ ಕೊಳ್ಳುವ ಶಕ್ತಿ ಅಕ್ಕನಿಗೆ ಹಿಂದೆಯೇ ಮುಗಿದಿತ್ತು. ತನ್ನ ಬಾಡಿಗೆ ಮನೆ ಬಿಟ್ಟು ತಂಗಿಯ ಒಂಟಿ ಕೋಣೆಗೆ ಹಾಸಿಗೆ ಸುತ್ತಿಕೊಂಡು ಬಂದಾಗಲೇ ಮುಗಿದಿತ್ತು. ಜೋಡಿಯ ಏರ್ಪಾಡಿಗೆ ಮುಂಚೆ, ಕೈಯಲ್ಲಿ ದುಡ್ಡಿಲ್ಲದೆ ಒಂದು ಸರದಿ ತಪ್ಪಿಸಿದ್ದೂ ಆಗಿತ್ತು. ಆಗ, ಕರಗುತ್ತ ಬಂದಿದ್ದ ಕಂಕುಳ ಗಂಟು ಮತ್ತೆ ಬೆರಳಿಗೆ ಸಿಗುವಷ್ಟಾಗಿತ್ತು. ಸ್ನಾನ ಮಾಡಿಸುವಾಗ ಅದನ್ನು ಮೊದಲು ಮುಟ್ಟಿದವಳು ಅವಳೇ. ಮುಟ್ಟಿಯೂ ಹೇಳಿರಲಿಲ್ಲ. ಡಾಕ್ಟರು ಕಂಡುಹಿಡಿದು, “ಇನ್ನೊಂದು ಸಲ ತಪ್ಪಿಸಿದ್ರೆ ಈ ಔಷಧಿ ಕೆಲಸ ಮಾಡುತ್ತೆ ಅಂತ ನಾನು ಮಾತು ಕೊಡಲ್ಲ,” ಎಂದಾಗ ಅಕ್ಕ ಅವಳತ್ತ ತಿರುಗಿ ಕಣ್ಣು ಹೊಡೆದಿದ್ದಳು, ಬಸ್ಸಿನಲ್ಲಿ ಟಿಕೆಟ್ ತಪಾಸಣೆಯವರು ಹತ್ತಿದಾಗ ಡ್ರೈವರಿಗೆ ಹೊಡೆಯುವ ಹಾಗೆ.

ನರ್ಸ್ ಬಂದು ಅಕ್ಕನ ಮುಂಗೈಗೆ ಸೂಜಿ ಕೂರಿಸಿ ಪಟ್ಟಿ ಅಂಟಿಸಿ ಹೋದಳು. ಗಾಜಿನವರ ಮನೆಗೆ ಫೋನು ಮಾಡಿದರೆ ಬಡಿದುಕೊಂಡು ಸುಮ್ಮನಾಗುತ್ತಿತ್ತು. ಕಿಂಡಿ ಸರಿಸಿ ಬೆರೆಸುವಾಕೆ, “ಮೂರು ದಿನದ ಹಿಂದೇನೇ ರಕ್ತ ಕೊಟ್ಟು ಹೋಗಿದಾರೆ, ರಿಪೋರ್ಟೂ ಸರಿಯಿದೆ, ಯಾಕೆ ಬಂದಿಲ್ವೋ. ಊಟದ ಹೊತ್ತು ಕಳೆಯೋವರೆಗೆ ಕಾಯ್ತೀನಿ, ಆಮೇಲೆ ನನ್ನ ಕೈಲಿಲ್ಲ,” ಎಂದಳು. ಅಕ್ಕ ತಂಗಿಯನ್ನು ಮೊಣಕೈಯಿಂದ ತಿವಿದಳು.

“ಹೋಗಿ ನೋಡ್ಕೊಂಡು ಬಾ. ಮನುಷ್ಯ ಇದಾರೋ ಇಲ್ವೋ ಅಷ್ಟು ತಿಳ್ಕೊಂಡು ಬಾ. ಬರಲ್ಲ ಅಂದ್ರೆ ಸುಮ್ನೆ ಬಂದ್ಬಿಡು. ಗೋಗರೆಯೋದು ಗೀಗರೆಯೋದು ಬೇಡ.”

“ನಾನಾ?”

“ಇಲ್ಲ, ನಾನೇ ಈ ಸೂಜಿ ಸಿಗಿಸ್ಕೊಂಡು ಓಡ್ತೀನಿ. ಹೋಗೇ.”

ಅಪರಿಚಿತರ ಬಾಗಿಲು ತಟ್ಟುವುದು ಅವಳಿಂದ ಎಂದೂ ಆಗದ ಕೆಲಸ. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಒಳಗೇ ಜೋಡಿಸಿ, ಕೆಡವಿ, ಮತ್ತೆ ಜೋಡಿಸಿದಳು. ಶಾಲೆಯಲ್ಲಿ ಒಮ್ಮೆ ಮೇಷ್ಟ್ರು ಪ್ರಶ್ನೆ ಕೇಳಿ, ಉತ್ತರ ಹೇಳುವವರೆಗೆ ನಿಂತಿರು ಎಂದಿದ್ದರು. ಉತ್ತರ ಗೊತ್ತಿತ್ತು, ನಾಲಿಗೆಯ ತುದಿಗೇ ಬಂದಿತ್ತು, ಆದರೆ ಅಷ್ಟೊಂದು ಮುಖಗಳು ತಿರುಗಿ ನೋಡುತ್ತಿದ್ದವು. ಗಂಟೆ ಬಾರಿಸುವವರೆಗೆ ನಿಂತೇ ಇದ್ದಳು. ಮಾರನೆಯ ದಿನ ಹೋಗಲಿಲ್ಲ, ಆಮೇಲೆ ಹೋಗಲೇ ಇಲ್ಲ. ಅಕ್ಕ ಶಾಲೆಗೆ ನುಗ್ಗಿ ಮೇಷ್ಟ್ರ ಮೇಲೆ ಹಾರಾಡಿ, ಮನೆಗೆ ಬಂದಮೇಲೆ, ಬಿಡು, ನಿನ್ನ ಪಾಲಿನದ್ದೂ ನಾನೇ ಮಾತಾಡ್ತೀನಿ ಎಂದಿದ್ದಳು. ಅಂದಿನಿಂದ ಮಾಲೀಕರ ಹತ್ತಿರ ಸಂಬಳ ಕೇಳುವುದು, ಬಾಡಿಗೆ ಚೌಕಾಸಿ ಮಾಡುವುದು, ಒಮ್ಮೆ ಬಂದ ಗಂಡನ್ನು ಬೇಡವೆಂದು ಕಳಿಸಿದ್ದು, ಎಲ್ಲ ಅಕ್ಕನೇ. ಆ ಗಂಡು ತನಗೆ ಹಿಡಿಸಿದ್ದ ಎಂದು ಹೇಳುವುದಕ್ಕೂ ಅವಳಿಗೆ ಆಗಿರಲಿಲ್ಲ. ಅಂಗಡಿ ಬೀದಿಯ ತಿರುವು ಬಂದಿತು. ಅಂಗಡಿಯ ಮುಂದೆ ಮರದ ಚೌಕಟ್ಟಿಗೆ ಒರಗಿಸಿದ ದೊಡ್ಡ ಗಾಜುಗಳು, ಪಕ್ಕದ ಡಬ್ಬದಲ್ಲಿ ಕೊಯ್ದು ಮಿಕ್ಕ ಪಟ್ಟಿಗಳು ನೀಟಾಗಿ ನಿಂತಿದ್ದವು. ನಮ್ಮ ಕಸುಬಲ್ಲಿ ಕಸ ಅಂತ ಇಲ್ಲ ಮಗಾ, ಕಿಟಕಿಗೆ ಮಿಕ್ಕಿದ್ದು ಫೋಟೋಕ್ಕೆ, ಫೋಟೋಕ್ಕೆ ಮಿಕ್ಕಿದ್ದು ಕನ್ನಡಿ ಚೂರಿಗೆ ಎಂದು ಅವರು ಹೇಳಿದ್ದರು. ಪಟ್ಟಿಗಳ ಮೇಲೆ ತೆಳ್ಳಗೆ ಧೂಳು ಕೂತಿತ್ತು.

ಅಂಗಡಿಯ ಹಿಂದಿನ ಮನೆಯ ಬಾಗಿಲು ತೆರೆದವಳು ಸೊಸೆ. ಒದ್ದೆ ಕೈ ಒರೆಸಿಕೊಳ್ಳುತ್ತ, “ಯಾರು ಬೇಕಿತ್ತು?” ಎಂದಳು.

ಜೋಡಿಸಿಟ್ಟುಕೊಂಡ ಮಾತೆಲ್ಲ ಚೆಲ್ಲಿಹೋಯಿತು. “ಆಸ್ಪತ್ರೆ... ಬಾಟ್ಲಿ...” ಎಂದಷ್ಟೇ ಬಂತು.

ಸೊಸೆಯ ಮುಖ ಮುಚ್ಚಿಕೊಂಡಿತು. “ಓ, ನೀವಾ. ಮಾವ ಬರಲ್ಲ ರೀ. ಸಾಕು ಅಂದ್ಬಿಟ್ಟಿದಾರೆ. ಫೋನು ನಾನೇ ಎತ್ತಲಿಲ್ಲ, ಏನಂತ ಹೇಳ್ಲಿ?” ಅವಳು ಕದಲದೆ ನಿಂತದ್ದನ್ನು ನೋಡಿ ದನಿ ತಗ್ಗಿಸಿದಳು. “ನೋಡಿ, ಬೇಜಾರ್ ಮಾಡ್ಕೋಬೇಡಿ. ನಿಮ್ಮಕ್ಕಂಗೆ ಖರ್ಚು ಉಳೀಲಿ ಅಂತ ನಮ್ಮಾವ ಚುಚ್ಚಿಸ್ಕೊಳ್ತಾನೇ ಇರ್ಬೇಕಾ?”

ಹೌದು, ಚುಚ್ಚಿಸಿಕೊಳ್ಳಬೇಕು. ಉತ್ತರ ಅವಳೊಳಗೆ ಎಷ್ಟು ಬೇಗ, ಎಷ್ಟು ಸ್ಪಷ್ಟವಾಗಿ ಎದ್ದು ನಿಂತಿತೆಂದರೆ, ಅದು ಮುಖದ ಮೇಲೆ ಕಂಡುಬಿಟ್ಟಿತೋ ಎಂದು ಹೆದರಿ ತಲೆ ತಗ್ಗಿಸಿದಳು. ಹೊಸ್ತಿಲ ಪಕ್ಕದಲ್ಲಿ ಒಂದು ಜೊತೆ ಗಂಡಸಿನ ಚಪ್ಪಲಿ ಇತ್ತು. ಹಿಮ್ಮಡಿ ಸವೆದಿತ್ತು. ಒಳಗಿನಿಂದ, “ಯಾರಮ್ಮ ಅದು? ಒಳಗೆ ಕಳಿಸು,” ಎಂಬ ದನಿ ಬಂತು.

ಗಾಜಿನವರು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕಂಬಳಿಯ ಮೇಲೆ ಚಾಚಿದ ಬಲಗೈಯ ಹೆಬ್ಬೆರಳಿಗೆ ದಪ್ಪಗೆ ಬಟ್ಟೆ ಸುತ್ತಿತ್ತು. “ನೋಡಿದ್ಯಾ ಮಗಾ,” ಎಂದು ಅದನ್ನು ಎತ್ತಿ ತೋರಿಸಿದರು, ಮಕ್ಕಳು ಗೊಂಬೆ ತೋರಿಸುವ ಹಾಗೆ. “ಮೊನ್ನೆ ಕೊಯ್ಕೊಂಡೆ. ಕೊಯ್ದಿದ್ದೇ ಗೊತ್ತಾಗ್ಲಿಲ್ಲ. ಗಾಜು ಕೆಂಪಗಾದ್ಮೇಲೆ ಎಲಾ ಇವನ, ಇದು ನಂದೇ ರಕ್ತ ಅಂತ ಗೊತ್ತಾಯ್ತು. ಆ ಔಷಧಿ ಬೆರಳಿನ ಜೀವಾನೇ ತೆಗೆದ್ಬಿಡ್ತು. ಅಂಚು ಎಲ್ಲಿದೆ ಅಂತ ತಿಳೀದವನು ಗಾಜು ಏನು ಕೊಯ್ತಾನೆ?” ಕೈಯನ್ನು ಮತ್ತೆ ಕಂಬಳಿಯ ಮೇಲಿಟ್ಟು, “ನಂದು ವಾಸಿಯಾಗೋ ಪೈಕಿ ಅಲ್ಲ ಅಂತ ಡಾಕ್ಟ್ರು ಮೊದಲೇ ಹೇಳಿದಾರೆ. ಒಂದಿಷ್ಟು ದಿನ ಎಳೆಯೋದು ಅಷ್ಟೇ. ಬೀಗ್ತಿಗೆ ಹೇಳು, ನನ್ನ ಮೇಲೆ ಸಿಟ್ಟಾಗಬಾರದು ಅಂತ,” ಎಂದರು.

ಇಲ್ಲಿಗೆ ಮುಗಿದಿತ್ತು. ಅಕ್ಕ ಹೇಳಿದ್ದೂ ಇಷ್ಟೇ: ತಿಳ್ಕೊಂಡು ಬಾ. ಅವಳು ತಲೆಯಾಡಿಸಿ, ಹಿಂದಕ್ಕೆ ಹೆಜ್ಜೆ ಇಟ್ಟು, ಸೊಸೆಯನ್ನು ದಾಟಿ ಬೀದಿಗೆ ಇಳಿಯಬೇಕಿತ್ತು. ಇಳಿಯುವುದನ್ನು ಮನಸ್ಸಿನಲ್ಲಿ ಕಂಡಳು ಕೂಡ. ಆಮೇಲೆ ಹಜಾರ, ಅಕ್ಕನ ಮುಂಗೈಯ ಪಟ್ಟಿ, ಸ್ನಾನದ ನೀರಿನ ಕೆಳಗೆ ಬೆರಳಿಗೆ ಸಿಗುವ ಗಂಟು. ಕಾಲು ಎತ್ತಲಾಗಲಿಲ್ಲ. ಎಲ್ಲಿಂದಲೋ ಒಂದು ದನಿ, ಚಿಕ್ಕ ಹುಡುಗಿಯ ಹಾಗೆ ಮೊಂಡಾದದ್ದು, “ನನಗೆ ಅಕ್ಕ ಬೇಕು,” ಎಂದಿತು. ಅದು ತನ್ನದೇ ಎಂದು ತಿಳಿಯುವಷ್ಟರಲ್ಲಿ ಇನ್ನೊಮ್ಮೆ ಹೇಳಿದ್ದಳು. “ನನಗೆ ಅಕ್ಕ ಬೇಕು. ಬನ್ನಿ.”

ಗಾಜಿನವರು ಅವಳನ್ನು ನೋಡಿದರು. ಅವರ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವಳು ಓಡಿಹೋಗುತ್ತಿದ್ದಳು. ಅದು ಇರಲಿಲ್ಲ. ಅಳತೆಪಟ್ಟಿ ಹಿಡಿದು ಕಿಟಕಿಯ ಮುಂದೆ ನಿಂತ ಕಸುಬುದಾರನ ನೋಟ ಅದು. “ಅಂಗಿ ಕೊಡಮ್ಮ,” ಎಂದರು ಸೊಸೆಗೆ. ಸೊಸೆ ಅಂಗಿಯನ್ನು ಮಂಚದ ಮೇಲೆ ಎಸೆದು, “ಹೋಗಿ, ಹೋಗಿ. ನಾಳೆ ಏನಾದ್ರೂ ಆದ್ರೆ ಇವರು ಬರ್ತಾರಾ ನೋಡ್ಕೊಳ್ಳೋಕೆ?” ಎಂದವಳು ಅಡುಗೆಮನೆಗೆ ಹೋದಳು. ಪಾತ್ರೆಯೊಂದನ್ನು ಕುಕ್ಕಿದ ಸದ್ದು ಬಂತು.

ಟ್ಯಾಕ್ಸಿ ಹತ್ತಿಸುವಾಗ ಅವರ ತೋಳು ಹಿಡಿದಳು. ಅಂಗಿಯ ಮೇಲಿಂದಲೂ ಬಿಸಿ ತಗುಲಿತು, ಲಾಂಡ್ರಿಯಲ್ಲಿ ಆಗಷ್ಟೇ ಇಸ್ತ್ರಿಯಿಂದ ಇಳಿಸಿದ ಹಾಸಿನ ಹಾಗೆ. ಅವಳ ಕೈ ತಾನಾಗಿ ಹಿಂದೆ ಬಂತು. ಅವರಿಗದು ಗೊತ್ತಾಯಿತೋ ಏನೋ. ಗಾಡಿ ಹೊರಟಮೇಲೆ ಜೇಬಿನಿಂದ ಎರಡು ಬಿಳಿ ಮಾತ್ರೆ ತೆಗೆದು ನೀರಿಲ್ಲದೆ ನುಂಗಿ, “ಒಂಚೂರು ತಲೆನೋವು,” ಎಂದರು. “ಬಂದದ್ದು ಬಂದೆ, ಸುಮ್ನೆ ವಾಪಸ್ ಕಳಿಸೋ ಹಾಗಾಗ್ಬಾರ್ದಲ್ಲ,” ಎಂದು ನಕ್ಕರು. ಜ್ವರವಿದ್ದರೆ ಇಂಜೆಕ್ಷನ್ ಇಲ್ಲ, ಇದು ಆ ಹಜಾರದಲ್ಲಿ ಕೂತವರಿಗೆಲ್ಲ ಗೊತ್ತು. ಜ್ವರದ ಮೈಗೆ ಆ ಔಷಧಿ ಏರಿಸಿದ ಒಬ್ಬ ಹೆಂಗಸು ಒಂದು ವಾರ ಕಳೆಯಲಿಲ್ಲ ಎಂದು ನರ್ಸುಗಳು ಪಿಸುಗುಟ್ಟಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಮಾತನಾಡದವರ ಮುಂದೆ ಜನ ಎಲ್ಲವನ್ನೂ ಮಾತಾಡುತ್ತಾರೆ. ಚೌಕದಲ್ಲಿ ಕೆಂಪು ದೀಪ ಬಿತ್ತು. ಗಾಡಿ ನಿಂತಿತು. ಇದು ಹೀಗೇ ಇರಲಿ, ಇನ್ನೂ ಸ್ವಲ್ಪ ಹೊತ್ತು ಕೆಂಪಗೇ ಇರಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಳು. ಯಾಕೆ ಬೇಡಿಕೊಳ್ಳುತ್ತಿದ್ದೇನೆ ಎಂದು ಹೊಳೆದದ್ದು ದೀಪ ಹಸಿರಾದಮೇಲೆ. ಮಾತ್ರೆ ಕರಗಿ ಮೈ ತಣ್ಣಗಾಗಲು ಹೊತ್ತು ಬೇಕಲ್ಲ, ಅದಕ್ಕೆ. ಪಕ್ಕದಲ್ಲಿ ಗಾಜಿನವರು ಕಣ್ಣು ಮುಚ್ಚಿದ್ದರು. ಹಣೆಯ ಮೇಲೆ ಬೆವರಿನ ಸಣ್ಣ ಹನಿಗಳು ಏಳುತ್ತಿದ್ದವು. ಅವನ್ನು ಕಂಡು ಅವಳಿಗೆ ಸಮಾಧಾನವಾಯಿತು. ಆ ಸಮಾಧಾನವನ್ನು ಏನು ಮಾಡಬೇಕೆಂದು ತಿಳಿಯದೆ ಕಿಟಕಿಯಾಚೆ ನೋಡಿದಳು.

“ಏನು ಬೀಗರೇ, ಹೆಣ್ಣಿನ ಕಡೆಯವರನ್ನ ಹೀಗಾ ಕಾಯಿಸೋದು?” ಅಕ್ಕನ ದನಿ ಹಜಾರದ ಆ ತುದಿಯಿಂದಲೇ ಎದ್ದು ಬಂತು.

“ಗಂಡಿನ ಕಡೆಯವರು ತಡ ಮಾಡ್ಲೇಬೇಕಲ್ಲ ಬೀಗ್ತಿ, ಇಲ್ದಿದ್ರೆ ಮರ್ಯಾದೆ ಎಲ್ಲಿ?”

ಅಕ್ಕ ನಕ್ಕಳು, ನಕ್ಕು ಬಾಯಿಯ ಹುಣ್ಣು ಉರಿದು ಕೆನ್ನೆ ಹಿಡಿದುಕೊಂಡಳು. ಅವಳನ್ನು ಹತ್ತಿರ ಎಳೆದು, “ಪರವಾಗಿಲ್ವೇ, ಕರ್ಕೊಂಡೇ ಬಂದೆ!” ಎಂದಳು. ಅಂಥ ಮೆಚ್ಚುಗೆಯನ್ನು ಅಕ್ಕನಿಂದ ಅವಳು ಎಂದೂ ಕಂಡಿರಲಿಲ್ಲ. ಗಾಜಿನವರು ತೂಕದ ಯಂತ್ರದ ಮೇಲೆ ನಿಂತರು, ಇಳಿದರು. ಬಟ್ಟೆ ಸುತ್ತಿದ ಹೆಬ್ಬೆರಳನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟು, ಶೋಕಿ ಮಾಡುವವರ ಹಾಗೆ ಕುರ್ಚಿಯಲ್ಲಿ ಕೂತರು. ನರ್ಸ್ ಥರ್ಮಾಮೀಟರ್ ಇಟ್ಟು, ತೆಗೆದು, ಬೆಳಕಿಗೆ ಹಿಡಿದಳು. “ಜ್ವರ ಗಿರ ಏನೂ ಬಂದಿರ್ಲಿಲ್ವಾ?” “ಇಲ್ಲಮ್ಮ.” “ಕೆಮ್ಮು, ಗಾಯ?” “ಎಂಥದ್ದೂ ಇಲ್ಲ.” ನರ್ಸ್ ಕಿಂಡಿಯತ್ತ ತಿರುಗಿ ಕೈ ಎತ್ತಿದಳು. ಗಾಜಿನಾಚೆ ಬೆರೆಸುವಾಕೆ ಫ್ರಿಜ್ ತೆರೆದು ಬಾಟ್ಲಿ ತೆಗೆದಳು. ಮೇಲಿನ ತಗಡಿನ ಬಿಲ್ಲೆಯನ್ನು ಹೆಬ್ಬೆರಳಿನಿಂದ ಎಬ್ಬಿಸಿದಳು. ರಬ್ಬರನ್ನು ಹತ್ತಿಯಿಂದ ಒರೆಸಿದಳು. ಇನ್ನು ಸೂಜಿ. ಅದು ಒಳಗೆ ಇಳಿದಮೇಲೆ ಯಾರು ಏನು ಹೇಳಿದರೂ ಉಪಯೋಗವಿಲ್ಲ, ಬಾಟ್ಲಿ ಇಬ್ಬರದೂ ಆಗಿಬಿಡುತ್ತದೆ.

“ಅವರು ಮಾತ್ರೆ ನುಂಗಿದಾರೆ,” ಎಂದಳು ಅವಳು.

ಯಾರಿಗೂ ಕೇಳಿಸಲಿಲ್ಲ. ತುಟಿಯಷ್ಟೇ ಅಲುಗಿತ್ತೇನೋ. ಅಕ್ಕ ಬೀಗರ ಜೊತೆ ಏನೋ ತಮಾಷೆ ಮಾಡುತ್ತಿದ್ದಳು. ಹೇಳಿದ್ದಂತೂ ಹೇಳಿದೆ, ಕೇಳಿಸಿಕೊಳ್ಳದಿದ್ದರೆ ನಾನೇನು ಮಾಡಲಿ ಎಂದು ಒಳಗೆ ಯಾರೋ ಮೆತ್ತಗೆ ಹೇಳಿದರು. ಎಷ್ಟು ಹಿತವಾಗಿತ್ತು ಆ ಮಾತು. ಅದರ ಮೇಲೆ ಜೀವಮಾನವಿಡೀ ತಲೆಯಿಟ್ಟು ಮಲಗಬಹುದಿತ್ತು. ಬೆರೆಸುವಾಕೆ ಸಿರಿಂಜನ್ನು ಎತ್ತಿ ಹಿಡಿದಳು. ಅವಳು ಎದ್ದಳು, ಕಿಂಡಿಗೆ ಹೋದಳು, ಗಾಜನ್ನು ಅಂಗೈಯಿಂದ ಬಡಿದಳು. ಮತ್ತೆ ಬಡಿದಳು. ಇಡೀ ಹಜಾರ ತಿರುಗಿ ನೋಡಿತು. “ಅವರಿಗೆ ಜ್ವರ ಇದೆ. ಮಾತ್ರೆ ನುಂಗಿ ಬಂದಿದಾರೆ. ಕೈಗೆ ಗಾಯ ಆಗಿದೆ. ಚುಚ್ಚಬೇಡಿ.”

ನರ್ಸ್ ಗಾಜಿನವರ ಕೈಯನ್ನು ಜೇಬಿನಿಂದ ಎಳೆದು ಬಟ್ಟೆ ಬಿಚ್ಚಿದಳು. ಹೆಬ್ಬೆರಳು ಬುಡದವರೆಗೆ ಊದಿ ಹಳದಿಯಾಗಿತ್ತು, ಮಣಿಕಟ್ಟಿನತ್ತ ಕೆಂಪು ಗೆರೆ ಏರಿತ್ತು. “ಏನ್ ಅಜ್ಜಾ ಇದು, ಜೀವದ ಮೇಲೆ ಆಸೆ ಇಲ್ವಾ ನಿಮಗೆ?” ಎಂದು ನರ್ಸ್ ರೇಗಿ ಗಾಲಿಕುರ್ಚಿ ತರಲು ಓಡಿದಳು. ಗಾಜಿನವರು ಅವಳೊಬ್ಬಳನ್ನೇ ನೋಡಿದರು. “ಒಪ್ಕೊಂಡು ಬಂದಿದ್ದೆನಲ್ಲ ಮಗಾ,” ಎಂದರು. “ಒಂದು ಸಲ ಯಾರ ಉಪಯೋಗಕ್ಕೋ ಬರ್ತೀನಿ ಅಂತ ಬಂದೆ. ಅದನ್ನೂ ತೆಗೆದ್ಬಿಟ್ಯಲ್ಲ.” ಗಾಲಿಕುರ್ಚಿ ಬಂತು, ಅವರನ್ನು ಮಹಡಿಯ ವಾರ್ಡಿಗೆ ತಳ್ಳಿಕೊಂಡು ಹೋದರು.

ಅಕ್ಕ ಗಾಲಿಕುರ್ಚಿ ಮರೆಯಾಗುವವರೆಗೆ ನೋಡಿದಳು. ಆಮೇಲೆ, “ಬರಲ್ಲ ಅಂದಿದ್ರಾ ಅವರು?” ಎಂದಳು.

ಅವಳು ಹೌದೆಂದು ತಲೆಯಾಡಿಸಿದಳು.

“ಮೈ ಸುಡ್ತಿದ್ದದ್ದು ನಿಂಗೆ ಗೊತ್ತಿತ್ತಾ?”

ಅದಕ್ಕೂ ತಲೆಯಾಡಿಸಿದಳು. ಅಕ್ಕನ ಮುಖದಲ್ಲಿ ಏನೋ ಸರಿದು ಹೋಯಿತು. ಅದು ತನ್ನ ಮೇಲಿನ ಹೇಸಿಗೆಯೋ, ಕೈತಪ್ಪಿದ ಔಷಧಿಯ ದುಃಖವೋ ಅವಳಿಗೆ ಓದಲಾಗಲಿಲ್ಲ. ಬೆರೆಸುವಾಕೆ ಬಾಟ್ಲಿಯನ್ನು ಹಾಗೇ ಫ್ರಿಜ್ಜಿನೊಳಗಿಟ್ಟು, ಗವುಸು ಕಳಚಿ, ಹೊರಗೆ ಬಂದಳು. “ಬೇರೆ ಜೋ... ಬೇರೆಯವರು ಸಿಕ್ಕಿದ ಕೂಡ್ಲೇ ಫೋನ್ ಮಾಡ್ತೀನಿ,” ಎಂದಳು. “ಯಾವಾಗ ಸಿಗ್ಬಹುದು?” ಎಂದು ಅಕ್ಕ ಕೇಳಿದ್ದಕ್ಕೆ ಆಕೆ ಅಕ್ಕನ ಭುಜದ ಮೇಲೆ ಕೈಯಿಟ್ಟಳು. ಅಕ್ಕ ಮುಂಗೈಯನ್ನು ನರ್ಸಿನ ಕಡೆ ಚಾಚಿದಳು. “ಇದನ್ನ ಬಿಚ್ಚಿ ಸಿಸ್ಟರ್.” ಹತ್ತಿ ಒತ್ತಿ ಹಿಡಿದುಕೊಂಡು ಎದ್ದು ಶಾಲು ಹೊದ್ದಳು. “ನೀನು ಮೇಲೆ ಹೋಗಿ ಅವರ ಹತ್ರ ಕೂತ್ಕೋ. ಕರ್ಕೊಂಡು ಬಂದವಳು ನೀನಲ್ವಾ? ಸೊಸೆ ಬರೋವರೆಗೆ ಇರು.”

“ನೀನು?”

“ನಂಗೆ ಬಸ್ ಹತ್ತೋದು ಯಾರೂ ಹೇಳ್ಕೊಡಬೇಕಾಗಿಲ್ಲ.”

ಮಹಡಿಯ ವಾರ್ಡಿನಲ್ಲಿ ಗಾಜಿನವರಿಗೆ ಬೇರೆ ಯಾವುದೋ ನೀರು ಏರಿಸುತ್ತಿದ್ದರು. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅವಳು ಸ್ಟೂಲಿನ ಮೇಲೆ ಕೂತಳು. ಕ್ಷಮಿಸಿ ಎನ್ನಬೇಕೆಂದರೆ ಯಾವುದಕ್ಕೆ ಎಂದು ತಿಳಿಯಲಿಲ್ಲ: ಕರೆತಂದದ್ದಕ್ಕೋ, ತಡೆದದ್ದಕ್ಕೋ. ಕೆಳಗಿನ ರಸ್ತೆಯಲ್ಲಿ ಲಾರಿ ಹೋದಾಗಲೆಲ್ಲ ಕಿಟಕಿ ಗಡಗಡ ಎನ್ನುತ್ತಿತ್ತು. ಅವರು ನಿದ್ದೆಗೆ ಜಾರಿ, ಬೆಚ್ಚಿ, ಮತ್ತೆ ಜಾರುತ್ತಿದ್ದರು. “ಯಾರು ಕೂರಿಸಿದ್ದೋ ಅದು,” ಎಂದರು ಕಣ್ಣು ತೆರೆಯದೆ, “ಗಾಜು ಚೌಕಟ್ಟಿಗೆ ಕೂತೇ ಇಲ್ಲ.” ಅವಳು ಎದ್ದು ಹೋಗಿ ಅಲುಗುವ ಗಾಜಿನ ಮೇಲೆ ಅಂಗೈ ಒತ್ತಿದಳು. ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಅವರ ಉಸಿರು ಉದ್ದವಾಯಿತು.

ಕೆಳಗೆ, ರಸ್ತೆಯಾಚೆಯ ನಿಲ್ದಾಣದಲ್ಲಿ ಅಕ್ಕ ನಿಂತಿದ್ದಳು. ಶಾಲಿನೊಳಗೆ ಎಷ್ಟು ಸಣ್ಣವಳಾಗಿ ಕಂಡಳೆಂದರೆ, ಇವಳು ಮೊದಲು ಬೇರೆ ಯಾರೋ ಎಂದುಕೊಂಡಳು. ಅಕ್ಕ ತಲೆಯೆತ್ತಿ ಆಸ್ಪತ್ರೆಯ ಕಿಟಕಿಗಳ ಸಾಲನ್ನು ನೋಡುತ್ತ ನೋಡುತ್ತ ಇವಳ ಮೇಲೆ ಕಣ್ಣು ನಿಲ್ಲಿಸಿದಳು. ಗಾಜಿಗೆ ಒತ್ತಿದ ಅಂಗೈ ಅಲ್ಲಿಂದ ಹೇಗೆ ಕಾಣುತ್ತಿರಬಹುದು? ಹೋಗಿ ಬಾ ಎಂದ ಹಾಗೋ, ನಿಲ್ಲು ಎಂದ ಹಾಗೋ. ಕೈ ತೆಗೆದು ಸರಿಯಾಗಿ ಬೀಸೋಣವೆಂದರೆ ದೂರದಲ್ಲಿ ಇನ್ನೊಂದು ಲಾರಿ ಬರುತ್ತಿತ್ತು, ಹಿಂದೆ ಗಾಜಿನವರು ಈಗಷ್ಟೇ ನಿದ್ದೆ ಹೋಗಿದ್ದರು. ಅವಳು ಕೈಯನ್ನು ಇನ್ನೂ ಬಿಗಿಯಾಗಿ ಒತ್ತಿದಳು. ಬಸ್ಸು ಬಂದು ಅಕ್ಕನ ಮುಂದೆ ನಿಂತಿತು. ಹತ್ತಿಯ ಚೂರು ಅಂಟಿದ್ದ ಕೈಯನ್ನು ಅಕ್ಕ ಮೇಲೆತ್ತಿದಳು. ಇವಳಿಗೆ ಬೀಸಲು ಎತ್ತಿದಳೋ, ಬಾಗಿಲ ಕಂಬಿ ಹಿಡಿಯಲು ಎತ್ತಿದಳೋ, ಅಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು.